ಆ ಚಿತ್ರದಲ್ಲಿ ಇಲ್ಲದವರು: ಹಂಗೇರಿಯ ವಾಟರ್ ಪೋಲೊ ಆಟಗಾರ ದೆಝೊ ದ್ಯಾರ್ಮತಿ

(ಕ್ರೀಡಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದು, ಅವಸರದಲ್ಲಿ ಬಿಟ್ಟದ್ದನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವಾಟರ್ ಪೋಲೊ ಎಂಬ ಆಟವನ್ನು ಒಮ್ಮೆಯೂ ನೋಡದವರು ಕೂಡ ಕಂಡಿರಬಹುದಾದ ಒಂದು ಹಳೆಯ ಕಪ್ಪು ಬಿಳುಪು ಚಿತ್ರವಿದೆ. ಈಜುಕೊಳದ ಅಂಚಿನಲ್ಲಿ ಒಬ್ಬ ಯುವಕ ನಿಂತಿದ್ದಾನೆ; ಕಣ್ಣಿನ ಬಳಿ ಆದ ಗಾಯದಿಂದ ರಕ್ತ ಕೆನ್ನೆಯ ಮೇಲೆ ಇಳಿಯುತ್ತಿದೆ. 1956ರ ಡಿಸೆಂಬರ್ 6ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಹಂಗೇರಿ ಮತ್ತು ಸೋವಿಯತ್ ಒಕ್ಕೂಟದ ನಡುವಿನ ಪಂದ್ಯದ ಕೊನೆಯ ಗಳಿಗೆಯಲ್ಲಿ ತೆಗೆದ ಚಿತ್ರ ಅದು. ಯುವಕನ ಹೆಸರು ಎರ್ವಿನ್ ಜಾದೊರ್. ‘ನೀರಿನಲ್ಲಿ ರಕ್ತ’ ಎಂಬ ಹೆಸರಿನಿಂದ ಆ ಪಂದ್ಯ ಇಂದಿಗೂ ನೆನಪಾಗುತ್ತದೆ, ಮತ್ತು ನೆನಪಾದಾಗಲೆಲ್ಲ ಆ ಚಿತ್ರವೇ ಮುದ್ರಣವಾಗುತ್ತದೆ.

ನಾನು ಈ ಹೊತ್ತು ಮಾತನಾಡಬೇಕೆಂದಿರುವುದು ಆ ಚಿತ್ರದಲ್ಲಿ ಇಲ್ಲದ ಒಬ್ಬರ ಬಗ್ಗೆ. ಅದೇ ಪಂದ್ಯದಲ್ಲಿ ಹಂಗೇರಿಯ ನಾಯಕರಾಗಿದ್ದವರು, ಅದಕ್ಕೆ ಎಂಟು ವರ್ಷ ಹಿಂದಿನ ಒಲಿಂಪಿಕ್ಸ್‌ನಲ್ಲೂ ಆಡಿದ್ದವರು, ಅದರ ಎಂಟು ವರ್ಷದ ಮುಂದಿನ ಒಲಿಂಪಿಕ್ಸ್‌ನಲ್ಲೂ ಆಡಿದವರು, ದೆಝೊ ದ್ಯಾರ್ಮತಿ. ಹೊರಜಗತ್ತಿಗೆ ಜಾದೊರ್ ಗೊತ್ತು. ಹಂಗೇರಿಯ ಮಂದಿ ಈ ಆಟದ ಮಾತೆತ್ತಿದರೆ ದ್ಯಾರ್ಮತಿಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಈ ವ್ಯತ್ಯಾಸ ಯಾಕೆ ಬಂತು ಎಂಬುದೇ ನನ್ನ ವಿಷಯ.

ಹೆಸರಿನ ಬಗ್ಗೆ ಒಂದು ಮಾತು ಹೇಳಿ ಮುಂದುವರಿಯುತ್ತೇನೆ. ಇಂಗ್ಲಿಷ್ ಅಕ್ಷರಗಳಲ್ಲಿ ಇವರ ಹೆಸರನ್ನು ನೋಡಿದವರು ‘ಗ್ಯಾರ್ಮತಿ’ ಎಂದು ಓದುತ್ತಾರೆ. ನಾನೂ ಬಹಳ ದಿನ ಹಾಗೆಯೇ ಓದುತ್ತಿದ್ದೆ. ಹಂಗೇರಿಯನ್ ಭಾಷೆಯಲ್ಲಿ ಮೊದಲಿನ gy ಎಂಬ ಜೋಡಿ ಅಕ್ಷರಗಳ ಉಚ್ಚಾರ ನಮ್ಮ ‘ದ್ಯ’ಕ್ಕೆ ಹತ್ತಿರ. ಅವರಲ್ಲಿ ಮನೆತನದ ಹೆಸರು ಮೊದಲು, ಇಟ್ಟ ಹೆಸರು ಆಮೇಲೆ, ಆದ್ದರಿಂದ ತವರಿನಲ್ಲಿ ಇವರು ‘ದ್ಯಾರ್ಮತಿ ದೆಝೊ’. ಆದರೆ ಕೊಳದ ಸುತ್ತಲಿನ ಜನ ಇವೆರಡನ್ನೂ ಬಿಟ್ಟು ‘ಶುತಾ’ ಎಂದೇ ಕರೆಯುತ್ತಿದ್ದರು. ಎಡಚ, ಒರಟೊರಟಾಗಿ ಕೈಯಾಡಿಸುವವ ಎಂಬ ಅರ್ಥದ ಮಾತು ಅದು. ಈ ಅಡ್ಡಹೆಸರಿನಲ್ಲಿ ಒಂದು ತಮಾಷೆಯೂ ಇದೆ: ಎರಡೂ ಕೈಯಿಂದ ಸಮಸಮವಾಗಿ ಚೆಂಡೆಸೆಯಬಲ್ಲವರೆಂದೇ ಖ್ಯಾತರಾದವರಿಗೆ ‘ಎಡಚ’ನೆಂಬ ಹೆಸರು.

ಆಟ ಗೊತ್ತಿಲ್ಲದವರಿಗಾಗಿ ಅದನ್ನು ಸ್ವಲ್ಪ ವಿವರಿಸಬೇಕು. ಒಂದೊಂದು ತಂಡದಿಂದ ಗೋಲ್‌ಕೀಪರ್ ಸೇರಿ ಏಳು ಮಂದಿ ನೀರಿನಲ್ಲಿರುತ್ತಾರೆ. ತಳಕ್ಕೆ ಕಾಲೂರುವಂತಿಲ್ಲ. ಗೋಲ್‌ಕೀಪರ್‌ನನ್ನು ಬಿಟ್ಟು ಉಳಿದವರು ಚೆಂಡನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ನಾನು ಊರ ಬಾವಿಯಲ್ಲಿ ಸೊಂಟಕ್ಕೆ ಬೆಂಡು ಕಟ್ಟಿಕೊಂಡು ಈಜು ಕಲಿತವನು. ನೀರಿನಲ್ಲಿ ನಿಂತಲ್ಲೇ ನಿಲ್ಲುವುದು ಮುಂದಕ್ಕೆ ಈಜುವುದಕ್ಕಿಂತ ಎಷ್ಟು ಕಷ್ಟ ಎಂಬುದು ಬೆಂಡು ಬಿಚ್ಚಿದ ದಿನವೇ ತಿಳಿಯಿತು. ಇಂದಿನ ವಾಟರ್ ಪೋಲೊ ಆಟಗಾರರು ನೀರಿನಲ್ಲಿ ಕುರ್ಚಿಯ ಮೇಲೆ ಕುಳಿತವರಂತೆ ತೊಡೆಗಳನ್ನು ಅಗಲಿಸಿ, ಮೊಣಕಾಲಿನ ಕೆಳಗಿನ ಭಾಗವನ್ನು ಒಂದಾದ ಮೇಲೊಂದರಂತೆ ಒಳಮುಖವಾಗಿ ತಿರುಗಿಸುತ್ತಲೇ ಇರುತ್ತಾರೆ. ಮಜ್ಜಿಗೆ ಕಡೆಯುವಾಗ ಕಡಗೋಲು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸುತ್ತುತ್ತದಲ್ಲ, ಎರಡು ಕಾಲುಗಳೂ ಎರಡು ಕಡಗೋಲುಗಳಾದರೆ ಹೇಗೋ ಹಾಗೆ. ಈ ಬಲದ ಮೇಲೆ ಅವರು ಸೊಂಟದವರೆಗೆ ನೀರಿನಿಂದ ಮೇಲೆದ್ದು ಚೆಂಡನ್ನು ಹೊಡೆಯುತ್ತಾರೆ. ಮೇಲ್ಗಡೆ ಚೆಂಡಿನ ಆಟ ನಡೆಯುತ್ತಿದ್ದರೆ, ಕೆಳಗಡೆ ಎಳೆಯುವುದು, ಒದೆಯುವುದು, ಚಡ್ಡಿ ಹಿಡಿದು ಜಗ್ಗುವುದು ಬೇರೆಯೇ ಒಂದು ಆಟವಾಗಿ ನಡೆಯುತ್ತದೆ. ರೆಫರಿಗೆ ಸರಿಯಾಗಿ ಕಾಣುವುದು ಮೇಲಿನ ಅರ್ಧ ಮಾತ್ರ.

ಎರಡೂ ಕೈ ಬಲ್ಲವರಿಗೆ ಇಲ್ಲಿ ಯಾಕೆ ಬೆಲೆ ಎಂಬುದು ಗೋಲಿನ ಮುಂದೆ ನಿಂತು ಯೋಚಿಸಿದರೆ ಅರ್ಥವಾಗುತ್ತದೆ. ದಾಳಿ ಮಾಡುವ ತಂಡದ ಬಲಬದಿಯಲ್ಲಿ ಬಲಗೈಯವನು ಇದ್ದರೆ, ಅವನ ತೋಳು ಗೋಲಿನಿಂದ ದೂರದ ಕಡೆಗೆ ಬೀಳುತ್ತದೆ. ಹೊಡೆಯುವುದಕ್ಕೆ ಮೊದಲು ಅವನು ಮೈಯನ್ನು ತಿರುಗಿಸಬೇಕು, ಅಷ್ಟರಲ್ಲಿ ಎದುರಾಳಿ ಮೈಮೇಲೆ ಬಂದಿರುತ್ತಾನೆ. ಎಡಗೈಯವನಿಗೆ ಅದೇ ಜಾಗದಲ್ಲಿ ಗೋಲು ಬಾಗಿಲು ತೆರೆದ ಹಾಗೆ ಕಾಣುತ್ತದೆ. ಎಡಬದಿಯಲ್ಲಿ ಇದು ಉಲ್ಟಾ. ಹಾಗಾಗಿ ಎಲ್ಲ ತಂಡಗಳೂ ಬಲಬದಿಗೆ ಒಬ್ಬ ಎಡಗೈಯವನನ್ನು ಹುಡುಕುತ್ತಿರುತ್ತವೆ. ದ್ಯಾರ್ಮತಿ ಯಾವ ಬದಿಗೆ ಹೋದರೂ ಆ ಬದಿಗೆ ಬೇಕಾದ ಕೈ ಅವರಲ್ಲಿರುತ್ತಿತ್ತು. ಇದರ ಜೊತೆಗೆ ಅವರು 100 ಮೀಟರ್ ಫ್ರೀಸ್ಟೈಲನ್ನು 58.5 ಸೆಕೆಂಡಿನಲ್ಲಿ ಈಜುತ್ತಿದ್ದರು. ಅವರು ಆಡಲು ತೊಡಗಿದ ಕಾಲದಲ್ಲಿ ಆ ದೂರದ ವಿಶ್ವದಾಖಲೆಯೇ 55 ಸೆಕೆಂಡಿನ ಆಚೆ ಇತ್ತು. ಅಂದರೆ ಈಜುಗಾರರ ನಡುವೆಯೂ ನಾಚಿಕೆಪಡಬೇಕಿಲ್ಲದ ವೇಗ ಒಬ್ಬ ವಾಟರ್ ಪೋಲೊ ಆಟಗಾರನಲ್ಲಿತ್ತು. ದಾಳಿ, ರಕ್ಷಣೆ ಎಂಬ ಭೇದವಿಲ್ಲದೆ ಎಲ್ಲಿ ನಿಲ್ಲಿಸಿದರೂ ಆಡುತ್ತಿದ್ದರೆಂದು ಅವರ ಬಗ್ಗೆ ಹೇಳುವುದು ಬರೀ ಹೊಗಳಿಕೆಯಲ್ಲ.

ದ್ಯಾರ್ಮತಿ ಹುಟ್ಟಿದ್ದು 1927ರ ಅಕ್ಟೋಬರ್ 23ರಂದು, ಈಶಾನ್ಯ ಹಂಗೇರಿಯ ಮಿಶ್ಕೊಲ್ತ್ಸ್ ಎಂಬ ಊರಿನಲ್ಲಿ. ಈ ತಾರೀಕನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸಮುದ್ರವೇ ಇಲ್ಲದ, ಒಂದು ಕೋಟಿಯ ಆಸುಪಾಸು ಜನಸಂಖ್ಯೆಯ ದೇಶವೊಂದಕ್ಕೆ ನೀರಾಟದ ಹುಚ್ಚು ಹೇಗೆ ಹತ್ತಿತು ಎಂದು ಕೇಳುವವರಿಗೆ ಬುಡಾಪೆಸ್ಟನ್ನು ತೋರಿಸಬೇಕು. ಆ ನಗರದ ಅಡಿಯಿಂದ ನೂರಕ್ಕೂ ಹೆಚ್ಚು ಕಡೆ ಬಿಸಿನೀರಿನ ಬುಗ್ಗೆಗಳು ಬರುತ್ತವೆ. ಚಳಿಗಾಲದಲ್ಲೂ ತೆರೆದ ಕೊಳದಲ್ಲಿ ಹಬೆಯ ನಡುವೆ ಈಜುವುದು ಅಲ್ಲಿಯವರಿಗೆ ಹೊಸದಲ್ಲ. 1896ರ ಮೊದಲ ಒಲಿಂಪಿಕ್ಸ್‌ನಲ್ಲೇ ಎರಡು ಈಜು ಸ್ಪರ್ಧೆಗಳನ್ನು ಗೆದ್ದ ಆಲ್ಫ್ರೇದ್ ಹಯೋಶ್ ಮುಂದೆ ವಾಸ್ತುಶಿಲ್ಪಿಯಾಗಿ, ಡ್ಯಾನ್ಯೂಬ್ ನದಿಯ ನಡುವಿನ ಮಾರ್ಗರೆಟ್ ದ್ವೀಪದಲ್ಲಿ ರಾಷ್ಟ್ರೀಯ ಈಜುಕೊಳವನ್ನು ವಿನ್ಯಾಸ ಮಾಡಿದರು. ಅದು 1930ರಲ್ಲಿ ತೆರೆಯಿತು. ಚೆಂಡನ್ನು ನೀರಿಗೆ ಬೀಳಿಸದೆ ಗಾಳಿಯಲ್ಲೇ ಕೈಯಿಂದ ಕೈಗೆ ದಾಟಿಸುವ ಕ್ರಮವನ್ನು 1920ರ ದಶಕದಲ್ಲಿ ರೂಢಿಗೆ ತಂದವರು ಬೇಲಾ ಕೊಮ್ಯಾದಿ ಎಂಬ ಹಂಗೇರಿಯ ತರಬೇತುದಾರರು. 1932 ಮತ್ತು 1936ರ ಒಲಿಂಪಿಕ್ ಚಿನ್ನ ಹಂಗೇರಿಗೇ ಹೋದವು. ಆ ಎರಡೂ ತಂಡಗಳಲ್ಲಿ ಒಲಿವೇರ್ ಹಲಶಿ ಎಂಬ, ಬಾಲ್ಯದ ಅಪಘಾತದಲ್ಲಿ ಒಂದು ಕಾಲಿನ ಕೆಳಭಾಗ ಕಳೆದುಕೊಂಡಿದ್ದ ಆಟಗಾರರಿದ್ದರು. ಎರಡು ಕಡಗೋಲಿನ ಹೋಲಿಕೆ ಕೊಟ್ಟ ನಾನು ಇವರ ಬಗ್ಗೆ ಓದಿದಾಗ ಸುಮ್ಮನಾಗಿಬಿಟ್ಟೆ. ಹೀಗಾಗಿ ಯುದ್ಧ ಮುಗಿಯುವ ಹೊತ್ತಿಗೆ ಹಂಗೇರಿಯ ಹುಡುಗನೊಬ್ಬ ವಾಟರ್ ಪೋಲೊ ಆಡುವುದೆಂದರೆ, ನಮ್ಮಲ್ಲಿ ಹುಡುಗನೊಬ್ಬ ಬ್ಯಾಟು ಹಿಡಿದಷ್ಟೇ ಸಹಜವಾಗಿತ್ತು.

1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ದ್ಯಾರ್ಮತಿಗೆ ಇಪ್ಪತ್ತು ವರ್ಷ. ಇಟಲಿ ಚಿನ್ನ ಗೆದ್ದಿತು, ಹಂಗೇರಿಗೆ ಬೆಳ್ಳಿ. ಅದೇ ಕೂಟದಲ್ಲಿ ಭಾರತದ ವಾಟರ್ ಪೋಲೊ ತಂಡವೂ ಇತ್ತೆಂದರೆ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಲಂಡನ್ನಿನಲ್ಲೂ 1952ರ ಹೆಲ್ಸಿಂಕಿಯಲ್ಲೂ ನಾವು ಆಡಿದ್ದೇವೆ. ನಡುವೆ, 1951ರಲ್ಲಿ ದೆಹಲಿಯಲ್ಲಿ ನಡೆದ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಈ ಆಟದ ಚಿನ್ನ ಗೆದ್ದಿದ್ದೂ ನಾವೇ. ಹೆಲ್ಸಿಂಕಿಯ ನಂತರ ಒಲಿಂಪಿಕ್ಸ್‌ನ ಈ ಕೊಳಕ್ಕೆ ನಮ್ಮವರು ಇಳಿಯಲಿಲ್ಲ.

ಹೆಲ್ಸಿಂಕಿ ಹಂಗೇರಿಯ ಸುಗ್ಗಿ. ಫುಟ್‌ಬಾಲ್ ಸೇರಿ ಒಟ್ಟು 16 ಚಿನ್ನದ ಪದಕಗಳನ್ನು ಆ ಪುಟ್ಟ ದೇಶ ಒಂದೇ ಕೂಟದಲ್ಲಿ ಗೆದ್ದಿತು. ವಾಟರ್ ಪೋಲೊದ ನಿರ್ಣಾಯಕ ಪಂದ್ಯದಲ್ಲಿ ಯುಗೊಸ್ಲಾವಿಯದೊಡನೆ 2–2ರ ಸಮವಾಗಿ, ಗೋಲುಗಳ ಲೆಕ್ಕದಲ್ಲಿ ಹಂಗೇರಿಗೆ ಚಿನ್ನ ಬಂತು. ತಂಡದಲ್ಲಿ 17 ವರ್ಷದ ಹುಡುಗನೊಬ್ಬನಿದ್ದ, ಕಾರ್ಪಾತಿ ಎಂದು. ಮುಂದೆ ದ್ಯಾರ್ಮತಿಯ ಬದುಕಿನಲ್ಲಿ ಅವರ ಪಾಲು ದೊಡ್ಡದು. ಅದೇ ಕೂಟದಲ್ಲಿ ಮಹಿಳೆಯರ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಗೆದ್ದವರು ಏವಾ ಸೇಕೆಯ್, ದ್ಯಾರ್ಮತಿಯ ಹೆಂಡತಿ.

ಏವಾ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ವಿಷಯ ಬಿಟ್ಟೆನೆಂದು ಭಾವಿಸಬೇಡಿ, ದ್ಯಾರ್ಮತಿಯ ಜನಪ್ರಿಯತೆಯಲ್ಲಿ ಅರ್ಧ ಪಾಲು ಆ ಮನೆಯದು. ಯಹೂದಿಯಾಗಿದ್ದ ಕಾರಣಕ್ಕೆ 1941ರಿಂದ ಯುದ್ಧ ಮುಗಿಯುವವರೆಗೆ ಅವರಿಗೆ ಸ್ಪರ್ಧೆಗಳಲ್ಲಿ ಪ್ರವೇಶವಿರಲಿಲ್ಲ. ಯುದ್ಧದ ಕೊನೆಯ ಚಳಿಗಾಲವನ್ನು ಯಹೂದಿಗಳಿಗೆ ಆಶ್ರಯ ಕೊಟ್ಟಿದ್ದ ಬುಡಾಪೆಸ್ಟಿನ ರಕ್ಷಣಾ ಮನೆಯೊಂದರಲ್ಲಿ ನಲವತ್ತಕ್ಕೂ ಹೆಚ್ಚು ಜನರೊಡನೆ ಇಕ್ಕಟ್ಟಿನಲ್ಲಿ ಕಳೆದಾಗ, ಈಜುವ ಮೈ ಜಡವಾಗಬಾರದೆಂದು ಐದು ಮಹಡಿಗಳ ಮೆಟ್ಟಿಲನ್ನು ಅವರು ಬೆಳಿಗ್ಗೆ ಬೆಳಿಗ್ಗೆ ನೂರು ಸಲ ಹತ್ತಿ ಇಳಿಯುತ್ತಿದ್ದರು. ಹೊರಗೆ ಬೀದಿಯಲ್ಲಿ ಸಾವು ತಿರುಗುತ್ತಿದ್ದಾಗ ಒಬ್ಬ ಹುಡುಗಿ ಮೆಟ್ಟಿಲನ್ನು ಎಣಿಸುತ್ತ ಓಡುತ್ತಿದ್ದ ಆ ಚಿತ್ರವನ್ನು ಯಾವ ಕ್ಯಾಮೆರಾವೂ ಹಿಡಿಯಲಿಲ್ಲ. 1952ರಲ್ಲಿ ಗಂಡ ಹೆಂಡತಿ ಇಬ್ಬರೂ ಒಲಿಂಪಿಕ್ ಚಿನ್ನದೊಡನೆ ಮನೆಗೆ ಬಂದರು. 1954ರಲ್ಲಿ ಮಗಳು ಆಂದ್ರೆಯಾ ಹುಟ್ಟಿದಳು. ಅದೇ ವರ್ಷ ದ್ಯಾರ್ಮತಿ ಯುರೋಪಿಯನ್ ಚಾಂಪಿಯನ್‌ಷಿಪ್ ಗೆದ್ದ ತಂಡದಲ್ಲೂ ಇದ್ದರು.

ಈಗ ಆ ತಾರೀಕಿಗೆ ಬರೋಣ. 1956ರ ಅಕ್ಟೋಬರ್ 23ರಂದು ದ್ಯಾರ್ಮತಿಗೆ ಇಪ್ಪತ್ತೊಂಬತ್ತು ತುಂಬಿತು. ಅಂದೇ ಬುಡಾಪೆಸ್ಟಿನಲ್ಲಿ ಸೋವಿಯತ್ ಹಿಡಿತದ ವಿರುದ್ಧ ವಿದ್ಯಾರ್ಥಿಗಳ ಮೆರವಣಿಗೆ ಹೊರಟಿತು, ರಾತ್ರಿಯ ಹೊತ್ತಿಗೆ ಸ್ಟಾಲಿನ್‌ನ ಬೃಹತ್ ಪ್ರತಿಮೆ ನೆಲಕ್ಕುರುಳಿತ್ತು, ಗುಂಡಿನ ಸದ್ದು ಕೇಳತೊಡಗಿತ್ತು. ಒಲಿಂಪಿಕ್ಸ್‌ಗೆ ಸಿದ್ಧವಾಗುತ್ತಿದ್ದ ವಾಟರ್ ಪೋಲೊ ತಂಡ ನಗರದ ಮೇಲಿನ ಗುಡ್ಡದ ಶಿಬಿರದಲ್ಲಿತ್ತು. ಸದ್ದು ಕೇಳುತ್ತಿತ್ತು, ಹೊಗೆ ಕಾಣುತ್ತಿತ್ತು. ತಂಡವನ್ನು ಗಡಿಯಾಚೆಯ ಜೆಕೊಸ್ಲೊವಾಕಿಯಕ್ಕೆ ಸಾಗಿಸಲಾಯಿತು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟಿಗೆ ನುಗ್ಗಿ ದಂಗೆಯನ್ನು ತುಳಿದುಹಾಕಿದವು. ಸುಮಾರು 2,500 ಹಂಗೇರಿಯನ್ನರು ಸತ್ತರು; ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. ಮೆಲ್ಬರ್ನ್ ತಲುಪಿ ಅಲ್ಲಿನ ಪತ್ರಿಕೆಗಳನ್ನು ನೋಡುವವರೆಗೆ ಆಟಗಾರರಿಗೆ ಇದರ ಪೂರ್ತಿ ಅಳತೆ ಸಿಕ್ಕಿರಲಿಲ್ಲ. ಎರಡು ವರ್ಷದ ಮಗಳನ್ನು ಊರಿನಲ್ಲೇ ಬಿಟ್ಟು ಬಂದಿದ್ದ ಏವಾ ಚಿಂತೆಯಲ್ಲಿ ಐದು ಕಿಲೊಗೂ ಹೆಚ್ಚು ತೂಕ ಕಳೆದುಕೊಂಡರು. ಆದರೂ ಅವರು ಬೆಳ್ಳಿ ಗೆದ್ದರು.

ಆ ಪಂದ್ಯವನ್ನು ನಮ್ಮ ಕಾಲದವರು ಒಳ್ಳೆಯವರು ಕೆಟ್ಟವರು ಎಂಬ ನಾಟಕವಾಗಿ ಹೇಳಿಬಿಡುತ್ತಾರೆ. ಅಷ್ಟು ಸರಳವಲ್ಲ. ಸೋವಿಯತ್ ಆಟಗಾರರು ಅದಕ್ಕೂ ಹಿಂದೆ ಹಂಗೇರಿಗೆ ಬಂದು ಅಲ್ಲಿನ ತರಬೇತಿಯ ಕ್ರಮವನ್ನು ನೋಡಿ ಕಲಿತವರು. ಇಬ್ಬರಿಗೂ ಪರಸ್ಪರ ಪರಿಚಯವಿತ್ತು. ಎದುರಾಳಿಗಳನ್ನು ಕೆಣಕಿ, ಸಿಟ್ಟಿಗೆಬ್ಬಿಸಿ, ಅವರು ಚೆಂಡು ಬಿಟ್ಟು ಜಗಳಕ್ಕೆ ಇಳಿಯುವಂತೆ ಮಾಡುವುದೇ ಹಂಗೇರಿಯವರ ಯೋಜನೆಯಾಗಿತ್ತು. ಶಾಲೆಯಲ್ಲಿ ಕಡ್ಡಾಯವಾಗಿ ಕಲಿತ ರಷ್ಯನ್ ಭಾಷೆ ಆ ದಿನ ಬೈಗುಳಕ್ಕೆ ಒದಗಿಬಂತು. ನಾಯಕ ದ್ಯಾರ್ಮತಿಯೂ ಸಾಧುವೇನಲ್ಲ. ಅವರು ಎದುರಾಳಿಯೊಬ್ಬನಿಗೆ ಗುದ್ದಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ. ಹಂಗೇರಿ 4–0 ಮುಂದಿತ್ತು, ಅದರಲ್ಲಿ ಎರಡು ಗೋಲು ಜಾದೊರ್ ಹೊಡೆದದ್ದು. ಕೊನೆಯ ನಿಮಿಷಗಳಲ್ಲಿ ವಾಲೆಂಟಿನ್ ಪ್ರೊಕೊಪೊವ್ ಎಂಬ ಸೋವಿಯತ್ ಆಟಗಾರನನ್ನು ಕಾಯುವ ಕೆಲಸ ಜಾದೊರ್ ಪಾಲಿಗೆ ಬಂತು. ರೆಫರಿಯ ಸೀಟಿ ಕೇಳಿ ಜಾದೊರ್ ಆ ಕಡೆ ತಿರುಗಿದರು. ಮತ್ತೆ ಈ ಕಡೆ ನೋಡುವಷ್ಟರಲ್ಲಿ ಪ್ರೊಕೊಪೊವ್ ನೀರಿನಿಂದ ಮೇಲೆದ್ದು ತೋಳು ಬೀಸಿದ್ದ. ಸುಮಾರು 5,500 ಪ್ರೇಕ್ಷಕರಲ್ಲಿ ವಲಸೆ ಹೋದ ಹಂಗೇರಿಯನ್ನರು ಬಹಳ ಮಂದಿ ಇದ್ದರು. ಅವರು ಕೊಳದ ಅಂಚಿಗೆ ನುಗ್ಗಿದರು, ಪೊಲೀಸರು ಬರಬೇಕಾಯಿತು, ಪಂದ್ಯ ಅಲ್ಲಿಗೇ ನಿಂತಿತು. ಗೆಲುವು ಹಂಗೇರಿಗೆ. ಮರುದಿನ ಗಾಯಗೊಂಡ ಜಾದೊರ್ ಇಲ್ಲದೆಯೇ ಯುಗೊಸ್ಲಾವಿಯವನ್ನು 2–1ರಿಂದ ಸೋಲಿಸಿ ಹಂಗೇರಿ ಚಿನ್ನ ಉಳಿಸಿಕೊಂಡಿತು.

ಇಲ್ಲಿಂದ ಇಬ್ಬರ ದಾರಿ ಬೇರೆಯಾಯಿತು. ಜಾದೊರ್ ಹಂಗೇರಿಗೆ ಮರಳಲಿಲ್ಲ. ಹಂಗೇರಿಯ ಬಳಗದಲ್ಲಿ ಆ ಸಲ ಮರಳದವರು ಅವರೊಬ್ಬರೇ ಅಲ್ಲ, ಹಲವು ಹತ್ತು ಮಂದಿ. ಜಾದೊರ್ ಅಮೆರಿಕದಲ್ಲಿ ಈಜು ತರಬೇತುದಾರರಾದರು. ದೊಡ್ಡ ವಾಟರ್ ಪೋಲೊ ಆಡುವ ಅವಕಾಶ ಅವರಿಗೆ ಮತ್ತೆ ಸಿಗಲಿಲ್ಲ. ದ್ಯಾರ್ಮತಿ ಮತ್ತು ಏವಾ ಕೂಡ ಮೆಲ್ಬರ್ನ್ ನಂತರ ಕೆಲಕಾಲ ಅಮೆರಿಕದಲ್ಲಿದ್ದರು. ಆದರೆ ಏವಾ ಅವರ ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳುವವರು ಬೇಕಿತ್ತು, ಅವರು ಹಿಂದಿರುಗಿದರು. ಟ್ಯಾಂಕುಗಳ ಬಲದಿಂದ ಕುಳಿತ ಸರ್ಕಾರವಿದ್ದ ದೇಶಕ್ಕೆ, ಒಮ್ಮೆ ಬಿಟ್ಟುಹೋದವರೆಂಬ ಗುರುತು ಹೊತ್ತು, ಮರಳಿದರು. ಇದರ ಬೆಲೆ ಎಷ್ಟೆಂದು ನಾನು ಅಳೆಯಲಾರೆ. ಒಂದು ಸಂಗತಿಯನ್ನಷ್ಟೇ ನಿಮ್ಮ ಮುಂದಿಡುತ್ತೇನೆ. 1958ರ ಯುರೋಪಿಯನ್ ಚಾಂಪಿಯನ್‌ಷಿಪ್ ಬುಡಾಪೆಸ್ಟಿನಲ್ಲೇ ನಡೆಯಿತು, ಹಂಗೇರಿ ಗೆದ್ದಿತು, ಗೆದ್ದ ತಂಡದಲ್ಲಿ ದ್ಯಾರ್ಮತಿ ಇರಲಿಲ್ಲ.

ಅವರಿಗೆ ಆಗ ಮೂವತ್ತು ದಾಟಿತ್ತು. ಅಲ್ಲಿಗೆ ಮುಗಿದಿದ್ದರೆ ಯಾರೂ ಬೆರಗಾಗುತ್ತಿರಲಿಲ್ಲ. ಆದರೆ 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿ ಅವರಿದ್ದರು, ಕಂಚು ಬಂತು. 1962ರಲ್ಲಿ ಎರಡನೆಯ ಯುರೋಪಿಯನ್ ಪ್ರಶಸ್ತಿ. 1964ರ ಟೋಕಿಯೊದಲ್ಲಿ ಮತ್ತೆ ಯುಗೊಸ್ಲಾವಿಯದೊಡನೆ ಸಮ, ಮತ್ತೆ ಗೋಲುಗಳ ಲೆಕ್ಕ, ಮತ್ತೆ ಚಿನ್ನ. ಆ ಪದಕ ಕೊರಳಿಗೆ ಬಿದ್ದಾಗ ಅವರಿಗೆ ಮೂವತ್ತೇಳು ತುಂಬುವುದಕ್ಕೆ ಕೆಲವೇ ದಿನ ಬಾಕಿ. ಬೆಳ್ಳಿ, ಚಿನ್ನ, ಚಿನ್ನ, ಕಂಚು, ಚಿನ್ನ: ಐದು ಒಲಿಂಪಿಕ್ಸ್, ಐದು ಪದಕ, ಒಂದೂ ಬರಿಗೈಯಲ್ಲ. ವಾಟರ್ ಪೋಲೊದಲ್ಲಿ ಐದು ಒಲಿಂಪಿಕ್ ಪದಕ ಗೆದ್ದವರು ಬೇರೆ ಯಾರೂ ಇಲ್ಲ. ಇಂದು ಈ ಆಟವನ್ನು ಆಡುವವರಿಗೆ ಇದರ ತೂಕ ಚೆನ್ನಾಗಿ ಗೊತ್ತು, ಏಕೆಂದರೆ ಹದಿನಾರು ವರ್ಷ ಒಂದು ದೇಶದ ತಂಡದಲ್ಲಿ ಉಳಿಯುವುದೆಂದರೆ ನಿಮ್ಮ ಜೊತೆ ಆಡಿದವರು ನಿವೃತ್ತರಾಗಿ, ಅವರ ಜಾಗಕ್ಕೆ ಬಂದವರೂ ನಿವೃತ್ತರಾಗಿ, ಮೂರನೆಯ ಸಾಲಿನ ಹುಡುಗರೊಡನೆ ನೀವು ಚೆಂಡು ಹಂಚಿಕೊಳ್ಳಬೇಕಾಗುತ್ತದೆ.

ಇಷ್ಟಾದ ಮೇಲೂ ಬರೀ ಪದಕಗಳಿಂದ ಜನರ ಪ್ರೀತಿ ಬಂತೆಂದು ನನಗೆ ಅನ್ನಿಸುವುದಿಲ್ಲ. ಅವರ ಜೊತೆಯ ಕಾರ್ಪಾತಿಗೂ ಮೂರು ಚಿನ್ನವಿದೆ, ಒಂದು ಕಂಚಿದೆ. ಪದಕಗಳ ಲೆಕ್ಕದಲ್ಲಿ ಅಂತರ ಒಂದು ಬೆಳ್ಳಿಯದು ಮಾತ್ರ. ದ್ಯಾರ್ಮತಿಯನ್ನು ಬೇರೆ ಮಾಡಿದ್ದು ಆಟ ನಿಂತ ಮೇಲಿನ ದಿನಗಳು.

1970ರ ದಶಕದಲ್ಲಿ ಅವರು ರಾಷ್ಟ್ರೀಯ ತಂಡದ ತರಬೇತುದಾರರಾದರು. ಕಾರ್ಪಾತಿ ಅವರ ಸಹಾಯಕರಾದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ನಡೆದದ್ದನ್ನು ನಾನು ಹಲವು ಸಲ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಕೊನೆಯ ಪಂದ್ಯದಲ್ಲಿ ಎದುರಿಗೆ ಮತ್ತದೇ ಸೋವಿಯತ್ ತಂಡ. 3–3ರ ಸಮ, ಸೋವಿಯತ್‌ಗೆ ಚಿನ್ನಕ್ಕೆ ಅಷ್ಟು ಸಾಕಾಯಿತು, ಹಂಗೇರಿಗೆ ಬೆಳ್ಳಿ. ಅದೇ ಕೂಟದಲ್ಲಿ, ತಾಯಿಯ ತರಬೇತಿಯಲ್ಲಿ ಬೆಳೆದ ಆಂದ್ರೆಯಾ ದ್ಯಾರ್ಮತಿ 100 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಬೆಳ್ಳಿಯನ್ನೂ 100 ಮೀಟರ್ ಬಟರ್‌ಫ್ಲೈನಲ್ಲಿ ಕಂಚನ್ನೂ ಗೆದ್ದಳು. ಮೆಲ್ಬರ್ನ್ ದಿನಗಳಲ್ಲಿ ಬುಡಾಪೆಸ್ಟಿನಲ್ಲಿ ಉಳಿದಿದ್ದ ಎರಡು ವರ್ಷದ ಮಗು ಅದು. ಮತ್ತು ಅದೇ ಮ್ಯೂನಿಕ್‌ನಲ್ಲಿ ಏಳು ಚಿನ್ನ ಗೆದ್ದು ಜಗತ್ತನ್ನೇ ಬೆರಗುಗೊಳಿಸಿದ ಅಮೆರಿಕದ ಮಾರ್ಕ್ ಸ್ಪಿಟ್ಜ್‌ಗೆ ಎಳವೆಯಲ್ಲಿ ಈಜು ಕಲಿಸಿದವರಲ್ಲಿ ಒಬ್ಬರು ಯಾರು ಗೊತ್ತೆ? ಎರ್ವಿನ್ ಜಾದೊರ್. ಮೆಲ್ಬರ್ನಿನ ಆ ಒಂದು ಸಂಜೆ ಒಟ್ಟಿಗಿದ್ದ ಇಬ್ಬರ ಶ್ರಮ, ಹದಿನಾರು ವರ್ಷದ ಮೇಲೆ, ಎರಡು ಬೇರೆ ಬೇರೆ ಬಾವುಟಗಳ ಅಡಿಯಲ್ಲಿ ಒಂದೇ ಕೂಟದಲ್ಲಿ ಫಲ ಕೊಟ್ಟಿತ್ತು.

ಮರುವರ್ಷ, 1973ರಲ್ಲಿ, ಬೆಲ್‌ಗ್ರೇಡ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಹಂಗೇರಿ ಗೆದ್ದಿತು. 1976ರ ಮಾಂಟ್ರಿಯಲ್‌ನಲ್ಲಿ ಒಲಿಂಪಿಕ್ ಚಿನ್ನ. ಆಟಗಾರರಾಗಿಯೂ ಮುಖ್ಯ ತರಬೇತುದಾರರಾಗಿಯೂ ಒಲಿಂಪಿಕ್ ಚಿನ್ನ ಗೆದ್ದ ಬೆರಳೆಣಿಕೆಯ ಮಂದಿಯಲ್ಲಿ ಅವರು ಸೇರಿದ್ದು ಹೀಗೆ. ಆ ತಂಡದಲ್ಲಿ ತಮಾಶ್ ಫರಗೊ ಎಂಬ ಅದ್ಭುತ ಆಟಗಾರರಿದ್ದರು. ಇಷ್ಟ್‌ವಾನ್ ಸೀವೋಶ್ ಇದ್ದರು, ಅವರ ಅಪ್ಪ ದ್ಯಾರ್ಮತಿಯ ಜೊತೆ ಹೆಲ್ಸಿಂಕಿಯಲ್ಲೂ ಮೆಲ್ಬರ್ನಿನಲ್ಲೂ ಆಡಿದವರು. ಜೊತೆಗಾರನ ಮಗನಿಗೆ ತರಬೇತಿ ಕೊಟ್ಟು ಚಿನ್ನ ಗೆಲ್ಲಿಸುವ ಯೋಗ ಎಷ್ಟು ಜನರಿಗಿದೆ? ಹಂಗೇರಿಯಲ್ಲಿ ಈ ಆಟ ಮನೆತನದ ಕಸುಬಿನ ಹಾಗೆ ಇಳಿದುಬರುತ್ತದೆ. ಸೀವೋಶ್ ಮನೆಯ ಮೂರನೆಯ ತಲೆಮಾರಿನವರು 2013ರಲ್ಲಿ ವಿಶ್ವ ಚಾಂಪಿಯನ್ ತಂಡದಲ್ಲಿ ಆಡಿದರು. ನಮ್ಮಲ್ಲಿ ಯಕ್ಷಗಾನದ, ಗರಡಿಯ ಮನೆತನಗಳನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1980ರ ಮಾಸ್ಕೋದಲ್ಲಿ ಮತ್ತೆ ಕಂಚು. ಇದನ್ನು ಕೆಲವರು ಇಳಿಗಾಲದ ಸೂಚನೆ ಎಂದು ಬರೆಯುತ್ತಾರೆ. ಮಾಂಟ್ರಿಯಲ್ ನಂತರದ ಮುಂದಿನ ಒಲಿಂಪಿಕ್ ಚಿನ್ನಕ್ಕೆ ಹಂಗೇರಿ 2000ದ ಸಿಡ್ನಿಯವರೆಗೆ, ಅಂದರೆ 24 ವರ್ಷ ಕಾಯಬೇಕಾಯಿತೆಂಬುದನ್ನು ನೋಡಿದರೆ, ಆ ಕಂಚನ್ನು ಕಡಿಮೆ ಎಂದು ಎಣಿಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಆಟದ ಹೊರಗೂ ಜನ ಅವರನ್ನು ಕೈಬಿಡಲಿಲ್ಲ. 1989ರಲ್ಲಿ ಹಂಗೇರಿಯಲ್ಲಿ ಒಂದೇ ಪಕ್ಷದ ಆಡಳಿತ ಕೊನೆಗೊಂಡಿತು. ಹೊಸ ಗಣರಾಜ್ಯವನ್ನು ಘೋಷಿಸಿದ ದಿನ ಅಕ್ಟೋಬರ್ 23. ದಂಗೆ ಎದ್ದ ದಿನ, ಗಣರಾಜ್ಯದ ದಿನ, ಈಗ ರಾಷ್ಟ್ರೀಯ ರಜಾದಿನ, ಇವೆಲ್ಲ ದ್ಯಾರ್ಮತಿಯ ಹುಟ್ಟುಹಬ್ಬದಂದೇ ಬಿದ್ದಿವೆ. ಇದು ಕಾಕತಾಳೀಯ, ಇದಕ್ಕೆ ಅರ್ಥ ಹಚ್ಚುವುದು ಸರಿಯಲ್ಲ. ಆದರೆ ಜನರ ನೆನಪು ಕೆಲಸ ಮಾಡುವುದೇ ಇಂಥ ಕಾಕತಾಳೀಯಗಳ ಮೇಲೆ ಎಂಬುದನ್ನೂ ಒಪ್ಪಬೇಕು. 1990ರ ಮುಕ್ತ ಚುನಾವಣೆಯ ನಂತರ ಅವರು ಹಂಗೇರಿಯನ್ ಡೆಮಾಕ್ರಟಿಕ್ ಫೋರಂ ಪಕ್ಷದಿಂದ 1994ರವರೆಗೆ ಸಂಸತ್ತಿನ ಸದಸ್ಯರಾಗಿದ್ದರು. ರಾಜಕಾರಣದಲ್ಲಿ ಅವರ ಕೆಲಸದ ಬಗ್ಗೆ ನಾನು ಹೆಚ್ಚು ಹೇಳಲಾರೆ. ಕ್ರೀಡಾಪಟುಗಳು ಶಾಸನಸಭೆಗೆ ಹೋಗುವುದರ ಬಗ್ಗೆ ನನಗೆ ಅಂಥ ಉತ್ಸಾಹವೂ ಇಲ್ಲ. ಅಮೆರಿಕದ ಅಂತರರಾಷ್ಟ್ರೀಯ ಈಜು ಕೀರ್ತಿಭವನ ದ್ಯಾರ್ಮತಿಗೂ ಏವಾಗೂ 1976ರಲ್ಲಿ ಜಾಗ ಕೊಟ್ಟಿತು. ಮುಂದೆ ಮಗಳಿಗೂ ಕೊಟ್ಟಿತು. ಹಂಗೇರಿ 2004ರಲ್ಲಿ ‘ರಾಷ್ಟ್ರದ ಕ್ರೀಡಾಪಟು’ ಎಂಬ ಗೌರವವನ್ನು ಸ್ಥಾಪಿಸಿತು. ಒಂದು ಹೊತ್ತಿಗೆ ಬದುಕಿರುವ ಹನ್ನೆರಡು ಮಂದಿಗೆ ಮಾತ್ರ ಅದು ಸಲ್ಲುತ್ತದೆ, ಒಬ್ಬರು ತೀರಿಕೊಂಡ ಮೇಲೆಯೇ ಇನ್ನೊಬ್ಬರಿಗೆ ಜಾಗ. ಫುಟ್‌ಬಾಲಿನ ಫೆರೆನ್ಸ್ ಪುಷ್ಕಾಶ್ ಅವರಿದ್ದ ಆ ಹನ್ನೆರಡರ ಸಾಲಿನಲ್ಲಿ ದ್ಯಾರ್ಮತಿ ಇದ್ದರು, ಆ ಹೊತ್ತಿಗೆ ಅವರಿಂದ ಬೇರೆಯಾಗಿದ್ದ ಏವಾ ಇದ್ದರು, ಕಾರ್ಪಾತಿಯೂ ಇದ್ದರು.

ಒಂದು ಪ್ರಶ್ನೆಯನ್ನು ಇಲ್ಲಿಯವರೆಗೆ ನಾನು ಮುಂದಕ್ಕೆ ದೂಡುತ್ತ ಬಂದಿದ್ದೇನೆ. ಜಾದೊರ್ ಮರಳದೆ ಹೋದದ್ದರಿಂದ ಕಡಿಮೆಯವರಾದರೇ, ದ್ಯಾರ್ಮತಿ ಮರಳಿದ್ದರಿಂದ ಹೆಚ್ಚಿನವರಾದರೇ? ಹಾಗೆ ಹೇಳಿದರೆ ದೇಶ ಬಿಟ್ಟ ಎರಡು ಲಕ್ಷ ಜನರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಜಾದೊರ್‌ಗೆ ಆಗ ಇಪ್ಪತ್ತೊಂದು ದಾಟಿತ್ತು, ಅಷ್ಟೆ. ದ್ಯಾರ್ಮತಿಗೆ ಹೆಂಡತಿ, ಮಗು, ಅತ್ತೆ ಮಾವ ಇದ್ದರು. ಇಬ್ಬರ ಕೊರಳಲ್ಲೂ ಒಂದೇ ಚಿನ್ನ, ಮನೆಯ ಹೊರೆ ಮಾತ್ರ ಬೇರೆ. ಆದರೆ ಫಲಿತಾಂಶ ಹೀಗಾಯಿತು: ಜಗತ್ತು ಜಾದೊರ್ ಅವರನ್ನು ಒಂದು ಕ್ಷಣದಲ್ಲಿ ನಿಲ್ಲಿಸಿಬಿಟ್ಟಿತು. ಅವರು 2012ರಲ್ಲಿ ತೀರಿಕೊಂಡಾಗಲೂ ಪತ್ರಿಕೆಗಳಲ್ಲಿ ಬಂದದ್ದು ರಕ್ತದ ಅದೇ ಚಿತ್ರ. ಆಮೇಲೆ ಅರ್ಧ ಶತಮಾನ ಅವರು ಮಕ್ಕಳಿಗೆ ಈಜು ಕಲಿಸಿದ್ದರೂ ಅದು ಒಂದು ಸಾಲಿನಲ್ಲಿ ಮುಗಿಯುತ್ತದೆ. ದ್ಯಾರ್ಮತಿಯನ್ನು ಮಾತ್ರ ಹಂಗೇರಿಯವರು ಇಪ್ಪತ್ತರ ಹುಡುಗನಾಗಿ, ನಾಯಕನಾಗಿ, ಕೆಲಕಾಲ ಕಾಣೆಯಾದವನಾಗಿ, ಮರಳಿ ಬಂದವನಾಗಿ, ಕೊಳದ ದಂಡೆಯಲ್ಲಿ ನಿಂತು ಕೂಗುವ ತರಬೇತುದಾರನಾಗಿ, ಈಜುಗಾರ್ತಿಯ ಅಪ್ಪನಾಗಿ, ಮುದುಕನಾಗಿ ನೋಡಿದ್ದಾರೆ. ಯಾವ ಒಂದು ಚಿತ್ರವನ್ನು ಹಾಕಬೇಕೆಂದು ಸಂಪಾದಕನಿಗೆ ತಿಳಿಯದಂಥ ಬದುಕು ಅದು. ಹೊರಗಿನವರಿಗೆ ಅವರು ಅಷ್ಟಾಗಿ ಗೊತ್ತಿಲ್ಲದಿರುವುದಕ್ಕೂ, ಒಳಗಿನವರಿಗೆ ಮನೆಯವರಂತಾಗಿರುವುದಕ್ಕೂ ಕಾರಣ ಇದೇ ಎಂದು ನನ್ನ ಊಹೆ.

ಅವರ ನಂತರದ ಕಾಲದಲ್ಲಿ ಹಂಗೇರಿಯಲ್ಲಿ ಈ ಆಟದ ಜನಪ್ರಿಯತೆ ಇನ್ನೊಂದು ರೂಪ ಪಡೆಯಿತು. ದೇನೆಶ್ ಕೆಮೇನ್ ತರಬೇತಿಯಲ್ಲಿ 2000, 2004, 2008ರ ಮೂರೂ ಒಲಿಂಪಿಕ್ ಚಿನ್ನಗಳನ್ನು ಸಾಲಾಗಿ ಗೆದ್ದ ತಂಡದ ಬೆನೆದೆಕ್, ಕಾಶಾಶ್, ಬಿರೋಶ್, ಕಿಶ್ ಮುಂತಾದವರು ಟೆಲಿವಿಷನ್ ಯುಗದ ತಾರೆಗಳು. ಮೂರು ಚಿನ್ನ ಎಂಬ ಎಣಿಕೆಯಲ್ಲಿ ಅವರು ದ್ಯಾರ್ಮತಿಯನ್ನು ಮುಟ್ಟಿದರು. ಅವರನ್ನು ಹೋಲಿಸುವ ಚರ್ಚೆ ಹಂಗೇರಿಯಲ್ಲಿ ಮುಗಿಯುವಂಥದ್ದಲ್ಲ, ನಮ್ಮಲ್ಲಿ ಗಾವಸ್ಕರ್ ತೆಂಡೂಲ್ಕರ್ ಚರ್ಚೆ ಮುಗಿಯದ ಹಾಗೆ. ಅದಕ್ಕೆ ನಾನು ಕೈಹಾಕುವುದಿಲ್ಲ. ಬೆನೆದೆಕ್ ಅವರನ್ನು ಮಾತ್ರ ಹೆಸರಿಸಲು ಕಾರಣವಿದೆ. ಅವರೂ ಎಡಗೈಯವರು, ಅವರೂ ಮುಂದೆ ರಾಷ್ಟ್ರೀಯ ತಂಡದ ತರಬೇತುದಾರರಾದರು. 2013ರ ಆಗಸ್ಟ್ ಆರಂಭದಲ್ಲಿ, ಬಾರ್ಸಿಲೋನಾದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅವರ ತಂಡ ಮಾಂಟೆನೆಗ್ರೊವನ್ನು 8–7ರಿಂದ ಸೋಲಿಸಿತು.

ಅದಾದ ಎರಡು ವಾರಕ್ಕೆ, ಆಗಸ್ಟ್ 18ರಂದು, ದ್ಯಾರ್ಮತಿ ಬುಡಾಪೆಸ್ಟಿನಲ್ಲಿ ತೀರಿಕೊಂಡರು. ಎಂಬತ್ತಾರು ತುಂಬಲು ಎರಡು ತಿಂಗಳು ಬಾಕಿಯಿತ್ತು. ನಗರದ ಕೊಬಾನ್ಯ ಭಾಗದಲ್ಲಿ, ಕೊಯೇರ್ ಬೀದಿಯಲ್ಲಿರುವ ಈಜುಕೊಳಕ್ಕೆ ಈಗ ಅವರ ಹೆಸರಿದೆ.